ಅರ್ಧ ಮಾತ್ರೆ

ಇಸ್ತ್ರಿ ಅಂಗಡಿಯಲ್ಲಿ ಓರಗಿತ್ತಿಯರಿಬ್ಬರೂ ಒಂದೇ ಮೇಜಿಗೆ ಎದುರುಬದುರು ನಿಲ್ಲುತ್ತಿದ್ದರು. ಕಾಲರು, ತೋಳು ಹಿರಿಯವಳ ಪಾಲು; ಎದೆ, ಬೆನ್ನು ಕಿರಿಯವಳದು. ಮನೆಯಲ್ಲೂ ಅದೇ ರೂಢಿ. ಸೋಪಿನ ಬಿಲ್ಲೆಯನ್ನೂ ದಾರದಿಂದ ಕೊಯ್ದು ಹಂಚಿಕೊಳ್ಳುತ್ತಿದ್ದರು.

ಕಿರಿಯವಳ ಎರಡನೇ ಹೆರಿಗೆಯಲ್ಲಿ ಗರ್ಭಕೋಶ ಹರಿದು ಹೊಲಿಗೆ ಬಿದ್ದಿತ್ತು. ಇನ್ನೊಂದು ಬಸುರು ಜೀವಕ್ಕೇ ಕುತ್ತು ಎಂದು ಡಾಕ್ಟರು ಹೇಳಿದ್ದರು. ಗಂಡನ ಹತ್ತಿರ ಮಕ್ಕಳಾಗದ ಆಪರೇಷನ್ನಿನ ಮಾತೆತ್ತಿದರೆ, "ಆಮೇಲೆ ಇಸ್ತ್ರಿಪೆಟ್ಟಿಗೆ ಎತ್ತೋರ್ಯಾರು?" ಎಂದು ಜಾರಿಕೊಂಡ. ನರ್ಸನ್ನು ಕೇಳಲು ಇವಳಿಗೆ ನಾಚಿಕೆ.

"ಬಸುರಾಗದ ಹಾಗೆ ನಾನು ದಿನಾ ನುಂಗೋ ಮಾತ್ರೆನೇ ತಗೊಳ್ಳೆ. ಇಷ್ಟು ವರ್ಷ ನಂಗೇನಾಗಿದೆ?" ಎಂದಳು ಹಿರಿಯವಳು.

ಮೊದಲ ವಾರವೇ ಕಿರಿಯವಳಿಗೆ ವಾಕರಿಕೆ. ಬಿಸಿ ಬಟ್ಟೆಯ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು.

"ಒಣಕಲಿ, ನಿಂಗೆ ಒಂದು ಜಾಸ್ತಿ ಆಯ್ತು. ಅರ್ಧ ಸಾಕು." ಹಿರಿಯವಳೇ ಬ್ಲೇಡಿನಿಂದ ಮಾತ್ರೆ ಕತ್ತರಿಸಿ, ಉಳಿದರ್ಧವನ್ನು ನಾಳೆಗೆಂದು ಎತ್ತಿಟ್ಟಳು.

ವಾಕರಿಕೆ ನಿಂತಿತು. "ನೋಡಿದ್ಯಾ, ಡಾಕ್ಟರಿಗಿಂತ ನಾನೇ ವಾಸಿ!" ಎಂದು ಬೀಗಿದಳು. ಕಿರಿಯವಳೂ ನಕ್ಕಳು.

ಕೆಲವು ತಿಂಗಳ ಮೇಲೆ ವಾಕರಿಕೆ ಮರಳಿತು. ಅರ್ಧವನ್ನು ಕಾಲು ಮಾಡೋಣವೆಂದು ಹಿರಿಯವಳು ಮತ್ತೆ ಬ್ಲೇಡು ಹುಡುಕಿದಳು. ಈ ಸಲದ್ದು ಮಾತ್ರೆಯ ವಾಕರಿಕೆಯಾಗಿರಲಿಲ್ಲ.

ಹೊಟ್ಟೆನೋವು ತಡೆಯದೆ ಆಸ್ಪತ್ರೆ ಸೇರಿದ ಕಿರಿಯವಳ ಬಸುರು ಹೋಯಿತು, ಜೀವವೊಂದು ಉಳಿಯಿತು. ಸುಣ್ಣದಂತೆ ಬಿಳಿಚಿ ಮಲಗಿದ್ದವಳ ಪಕ್ಕದಲ್ಲಿ ನರ್ಸು ಕುರ್ಚಿ ಎಳೆದು ಕೂತಳು. ಮಾತ್ರೆ, ಸೂಜಿ, ಒಳಗೆ ಹಾಕುವ ಕಾಪರ್-ಟಿ, ತೋಳಿನ ಚರ್ಮದಡಿ ಇಡುವ ಕಡ್ಡಿ ಎಲ್ಲವನ್ನೂ ಬಿಡಿಸಿ ಹೇಳಿ, "ತಲೆನೋವು, ಬಿಪಿ ಇದ್ಯಾ? ಯಾವ್ದು ಹೊಂದುತ್ತೆ ಅನ್ಸುತ್ತೆ?" ಎಂದು ಕೇಳಿದಳು.

"ಅವಳಿಗೆಲ್ಲಿ ಬಿಪಿ ಸಿಸ್ಟರ್, ಅವಳಿಗೆ ಬೇಕಾಗಿರೋದು..." ಎಂದು ಹಿರಿಯವಳು ನಡುವೆ ಬಾಯಿ ಹಾಕಿದಳು.

"ನಾನು ಕೇಳಿದ್ದು ಅವರನ್ನ."

ಕಿರಿಯವಳು ಕಣ್ಣು ತೆರೆದಳು. "ಅಕ್ಕಾ, ನೀನು ಸ್ವಲ್ಪ ಹೊರಗಿರು."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಹಿರಿಯವಳು ತಡೆದುಕೊಳ್ಳುತ್ತಿದ್ದಳು. ಬಾಗಿಲಾಚೆ ನಿಂತವಳಿಗೆ ಒಂದು ಮಾತು ಕೇಳಿಸಿತು: "ತೋಳಿಗೆ ಹಾಕೋ ಕಡ್ಡಿನೇ ಇರ್ಲಿ ಸಿಸ್ಟರ್. ಅದನ್ನ ಯಾರೂ ಅರ್ಧ ಮಾಡೋಕಾಗಲ್ಲ."

ಚೇತರಿಸಿಕೊಂಡು ಕಿರಿಯವಳು ಕೆಲಸಕ್ಕೆ ಬಂದ ದಿನ, ಹಿರಿಯವಳು ಕಾಲರು, ತೋಳು ಮುಗಿಸಿ ಅಂಗಿಯನ್ನು ಮೇಜಿನ ಆಚೆಗೆ ಸರಿಸಿದಳು. ಕಿರಿಯವಳು ಗಂಟಿನಿಂದ ಬೇರೆ ಅಂಗಿ ಎಳೆದುಕೊಂಡು ಕಾಲರಿನಿಂದ ಶುರು ಮಾಡಿದಳು.