ಇಲ್ಲ ಎನ್ನದ ಅಂಗಡಿ

ರಾಮಕೃಷ್ಣಪ್ಪನವರ ಪಾತ್ರೆ ಅಂಗಡಿಯಲ್ಲಿ ಬೆಳಗಿನ ಮೊದಲ ಕೆಲಸವೆಂದರೆ ಒರೆಸುವುದು. ಹಿಂದೆಲ್ಲ ಊದುಬತ್ತಿ ಹಚ್ಚಿ, ಗಲ್ಲಾಪೆಟ್ಟಿಗೆಗೆ ಕೈಮುಗಿದ ಮೇಲೆ ಮಿಕ್ಕ ಮಾತು. ಈಗ ಷಟರ್ ಎತ್ತಿದ ಕೂಡಲೇ ಕೈಗೆ ಬಟ್ಟೆ ಬರಬೇಕು. ಮಣ್ಣಿನ ಧೂಳು ಚೊಂಬು, ಕೊಳಗ, ಟಿಫನ್ ಕ್ಯಾರಿಯರ್‌ಗಳ ಮೇಲೆಲ್ಲ ಬೂದಿ ಬಳಿದ ಹಾಗೆ ಕೂತಿರುತ್ತದೆ. ಮೇಲಿನ ಸಾಲು ಒರೆಸಿ ಕೆಳಗಿನ ಸಾಲಿಗೆ ಬರುವಷ್ಟರಲ್ಲಿ ಮೇಲಿನದರ ಹೊಳಪು ಹೋಗಿರುತ್ತದೆ.

ಅಂಗಡಿ ಮೆಟ್ಟಿಲಿಂದ ಎರಡು ಮಾರು ದೂರಕ್ಕೆ ತಗಡಿನ ಗೋಡೆ. ಅದರಾಚೆ ದೊಡ್ಡ ಹಳ್ಳ. ಹಳ್ಳದಲ್ಲಿ ಅಂಡರ್‌ಪಾಸ್ ಆಗುತ್ತಿದೆ ಎಂದು ಬೋರ್ಡು ಹೇಳುತ್ತದೆ. ಬೋರ್ಡಿನ ಮೇಲಿನ ತಾರೀಖು ದಾಟಿ ಒಂದು ದೀಪಾವಳಿಯೇ ಕಳೆದುಹೋಯಿತು. ಯಲಹಂಕದ ಈ ಸಾಲಿನ ಮುಂದಿದ್ದ ಬಸ್‌ಸ್ಟಾಪನ್ನು ಎತ್ತಿ ಎಲ್ಲೋ ಆಚೆ ಹಾಕಿದ್ದಾರೆ. ಗಿರಾಕಿ ಬರಬೇಕೆಂದರೆ ತಗಡಿನ ಸಂದಿಯಲ್ಲಿ ಮೈ ಅಡ್ಡ ಮಾಡಿಕೊಂಡು, ಕೆಸರಿನ ಮೇಲಿನ ಹಲಗೆ ದಾಟಿ ಬರಬೇಕು. ಮದುವೆಗೆಂದು ಹಂಡೆ ಕೊಂಡವರು ಅದನ್ನು ಆ ಸಂದಿಯಲ್ಲಿ ಹೇಗೆ ತಾನೇ ಒಯ್ದಾರು?

ಆದರೂ ಯಾರಾದರೂ ವ್ಯಾಪಾರ ಹೇಗಿದೆ ಎಂದರೆ ರಾಮಕೃಷ್ಣಪ್ಪನವರ ಉತ್ತರ ಒಂದೇ: "ದೇವ್ರ ದಯೆ, ನಡೀತಿದೆ." ಅದು ತಂದೆ ಕಲಿಸಿದ ಪಾಠ. ಗಲ್ಲಾ ಮುಂದೆ ಕೂತು ಇಲ್ಲ ಎಂದರೆ ಲಕ್ಷ್ಮಿ ಎದ್ದು ಪಕ್ಕದಂಗಡಿಗೆ ಹೋಗುತ್ತಾಳೆ. ಕೇಳಿದ ಸಾಮಾನು ಮುಗಿದಿದ್ದರೂ ನಾಳೆ ಬರುತ್ತೆ ಅನ್ನಬೇಕೇ ಹೊರತು ಇಲ್ಲ ಅನ್ನಬಾರದು. ಮಾರಿದ ಪಾತ್ರೆಯನ್ನು ಬರಿದಾಗಿ ಕೊಡಬಾರದು, ನಾಲ್ಕು ಕಾಳು ಅಕ್ಕಿ ಹಾಕಿ ಕೊಡಬೇಕು. ಅದಕ್ಕೆಂದೇ ಗಲ್ಲಾ ಪಕ್ಕದಲ್ಲಿ ಒಂದು ಡಬ್ಬಿ ಅಕ್ಕಿ ಇರುತ್ತಿತ್ತು. ಈಚೆಗೆ ಆ ಅಕ್ಕಿಗೆ ಹುಳು ಬಿದ್ದಿತ್ತು.

"ಅಣ್ಣಾ, ಕಾಫಿ," ಎಂದು ಪಕ್ಕದ ಹೋಟೆಲಿನ ರಾಣಿ ಲೋಟ ತಂದಿಟ್ಟಳು. ಗಂಡ ತೀರಿಕೊಂಡ ಮೇಲೆ ಇಡ್ಲಿ ಬೇಯಿಸಿ ಮಗಳನ್ನು ಓದಿಸುತ್ತಿದ್ದವಳು. ಅವಳ ದೊಡ್ಡ ಇಡ್ಲಿ ಪಾತ್ರೆ ಇದೇ ಅಂಗಡಿಯದು. ಅದರ ಹೊಟ್ಟೆಯ ಮೇಲೆ 'ರಾಣಿ ಟಿಫನ್ಸ್' ಎಂದು ಮೆಷಿನ್ ಹಿಡಿದು ಬರೆದುಕೊಟ್ಟವರು ರಾಮಕೃಷ್ಣಪ್ಪನವರೇ. ಅವಳ ಗಿರಾಕಿಗಳೆಲ್ಲ ಬಸ್ಸಿಗೆ ಕಾಯುವವರು. ಬಸ್‌ಸ್ಟಾಪಿನ ಜೊತೆಗೇ ಅವರೂ ಹೋದರು.

ಅವಳ ಹಿಂದೆಯೇ ಮಿಕ್ಸಿ ರಿಪೇರಿಯ ಅನ್ವರ್ ಓಡಿಬಂದ. "ಯಜಮಾನ್ರೇ, ಬಂತು ನೋಡಿ ಸುದ್ದಿ! ಈ ಕೆಲಸದಿಂದ ವ್ಯಾಪಾರ ಬಿದ್ದಿರೋ ಸಣ್ಣ ಅಂಗಡಿಗಳಿಗೆ ಸರ್ಕಾರ ಸಹಾಯ ಕೊಡತ್ತಂತೆ. ಸೋಮವಾರ ಆಫೀಸರ್ ಬಂದು ಒಂದೊಂದ್ ಅಂಗಡೀನೂ ನೋಡ್ತಾರೆ. ಸಂಘದ ಅಧ್ಯಕ್ಷರನ್ನೂ ಕೇಳ್ತಾರಂತೆ. ಅಂದ್ರೆ ನಿಮ್ಮನ್ನ."

"ಬರ್ಲಿ. ಸಾಲು ಚೆನ್ನಾಗ್ ಕಾಣ್ಬೇಕು ಮತ್ತೆ."

"ಚೆನ್ನಾಗಾ? ಕೆಟ್ಟದಾಗ್ ಕಾಣ್ಬೇಕಲ್ವಾ?"

"ಥೂ, ಬಿಡ್ತು ಅನ್ನು! ನಮ್ಮಪ್ಪ ಬ್ಯಾಂಕ್ ಸಾಲಕ್ಕೆ ಹಾಕ್ದಾಗ ಮ್ಯಾನೇಜರ್ ಬಂದು ಏನ್ ನೋಡ್ದ ಹೇಳು? ಅಂಗಡಿ ತುಂಬ ಪಾತ್ರೆ, ಪಾತ್ರೆ ಮುಂದೆ ಜನ. ಮುಳುಗೋ ಅಂಗಡಿಗೆ ಯಾವನಯ್ಯಾ ದುಡ್ ಹಾಕ್ತಾನೆ? ಮರ್ಯಾದಸ್ಥರ ಸಾಲು ಅಂತ ಕಂಡ್ರೆ ತಾನಾಗೇ ಕೊಡ್ತಾರೆ."

ಅನ್ವರ್ ತಲೆ ಕೆರೆದುಕೊಂಡ. ರಾಣಿ ಮಾತ್ರ, "ಅಣ್ಣ ನಮಗಿಂತ ಲೋಕ ಕಂಡೋರು. ಅವ್ರ್ ಹೇಳ್ದಂಗೇ ಮಾಡೋಣ," ಎಂದಳು.

ಸೋಮವಾರ ಬಾಗಿಲಿಗೆ ಮಾವಿನ ತೋರಣ ಬಂತು. ಹೆಂಡತಿ ಮುನಿಕೃಷ್ಣಮ್ಮನ ತವರಿನ ಕಡೆಯ ಹೆಂಗಸರು ಹತ್ತಿರದ ಸಿಂಗಾಪುರ ಹಳ್ಳಿಯಿಂದ ರೇಷ್ಮೆ ಸೀರೆ ಉಟ್ಟು ಬಂದು ಗಿರಾಕಿಗಳಾಗಿ ನಿಂತರು.

"ಭಾವ, ಎಷ್ಟೊತ್ತು ಅಂತ ಈ ಕೊಡ ಎತ್ತಿ ಇಳ್ಸೋದು? ತೋಳ್ ಬಿದ್ದೋಗ್ತದೆ," ಎಂದು ಒಬ್ಬಳು ಗೊಣಗಿದಳು.

"ಬೆಲೆ ಜಾಸ್ತಿ ಅಂತ ಜಗಳಾನಾದ್ರೂ ಆಡಮ್ಮ. ಅದು ನಿನಗೆ ಬರತ್ತಲ್ಲ," ಎಂದರು ರಾಮಕೃಷ್ಣಪ್ಪ.

ರಾಣಿ ದಿನಸಿ ಅಂಗಡಿಯಲ್ಲಿ ಸಾಲ ಹೇಳಿ ಅಕ್ಕಿ, ಉದ್ದು ತಂದು ರುಬ್ಬಿದ್ದಳು. ಬಹಳ ದಿನಗಳ ಮೇಲೆ ದೊಡ್ಡ ಪಾತ್ರೆ ಹಬೆಯಾಡಿತು. ಅನ್ವರ್ ಕೂಡ ಕೆಟ್ಟ ಮಿಕ್ಸಿಗಳನ್ನು ಸಾಲಾಗಿ ಜೋಡಿಸಿ, ಕೈತುಂಬ ಕೆಲಸವಿರುವವನಂತೆ ಕೂತ.

ಬಂದ ಅಧಿಕಾರಿ ಮಹೇಂದ್ರ, ಇನ್ನೂ ಮೂವತ್ತು ದಾಟದ ಹುಡುಗ. ಬಿಸಿಲಲ್ಲಿ ಸುತ್ತಿ ಬೆವೆತಿದ್ದ. ರಾಣಿಯ ಇಡ್ಲಿ ತಿಂದು, ನೀರು ಕುಡಿದು, ಪಾತ್ರೆ ಅಂಗಡಿಯ ಸ್ಟೂಲಿನ ಮೇಲೆ ಕೂತ.

"ಏನ್ ಯಜಮಾನ್ರೇ, ನಿಮ್ ಸಾಲಲ್ಲಿ ವ್ಯಾಪಾರ ಹೇಗಿದೆ?"

ರಾಮಕೃಷ್ಣಪ್ಪ ಕತ್ತೆತ್ತಿ ನೋಡಿದರು. ತಲೆಯ ಮೇಲೆ ಗೋಡೆಯಲ್ಲಿ ತಂದೆಯ ಫೋಟೋ. ಮುಂದೆ ನೆಂಟರು, ಪಕ್ಕದ ಅಂಗಡಿಯವರು.

"ದೇವ್ರ ದಯೆ ಸಾರ್. ನಡೀತಿದೆ."

"ಕೆಲಸದಿಂದ ತೊಂದ್ರೆ ಏನಾದ್ರೂ?"

"ಧೂಳು ಸಾರ್. ಅಷ್ಟೇ."

"ಪರವಾಗಿಲ್ವೇ! ಬೇರೆ ಕಡೆ ಹೋದ್ರೆ ಜನ ಅಳ್ತಾ ನಿಂತಿರ್ತಾರೆ. ನಿಮ್ ಸಾಲು ಗಟ್ಟಿ ಬಿಡಿ."

ಆ ಮಾತು ಕೇಳಿ ರಾಮಕೃಷ್ಣಪ್ಪನವರಿಗೆ ನಾಲ್ಕು ಜನರ ಮುಂದೆ ಶಾಲು ಹೊದಿಸಿದಷ್ಟು ಸಂತೋಷವಾಯಿತು.

ಮುಂದಿನ ತಿಂಗಳು ಸಹಾಯ ಬಂತು. ತಗಡಿನ ಆಚೆ ಬದಿಯ ಅಂಗಡಿಗಳಿಗೆಲ್ಲ ಬಂತು. ಈಚೆ ಸಾಲಿನವರ ಹೆಸರು ಒಂದೂ ಇರಲಿಲ್ಲ. ವಿಚಾರಿಸಿದರೆ, ನಿಮ್ಮ ಕಡೆ ವ್ಯಾಪಾರ ಚೆನ್ನಾಗಿಯೇ ನಡೆಯುತ್ತಿದೆಯಲ್ಲ ಎಂದರಂತೆ.

ಅನ್ವರ್ ಮೆಟ್ಟಿಲು ಹತ್ತದೆ ಕೆಳಗೇ ನಿಂತು ಕೇಳಿದ. "ಹೇಳಿ ಯಜಮಾನ್ರೇ. ಈಗೇನ್ ಮಾಡೋಣ? ಮತ್ತೆ ತೋರಣ ಕಟ್ಟೋಣ್ವಾ?"

"ನನ್ ಮಾತೂ ಕೇಳು ಅನ್ವರೂ. ನಂದು ಉದ್ರಿ ಮೇಲೆ ನಿಂತಿರೋ ಅಂಗಡಿ. ಬಿದ್ದೋಯ್ತು ಅಂತ ಒಂದ್ಸಲ ಸುದ್ದಿ ಹಬ್ಬಿದ್ರೆ ಹೋಲ್‌ಸೇಲ್‌ನೋನು ಮಾಲು ನಿಲ್ಲಿಸ್ತಾನೆ. ಮದ್ವೆ ಪಾತ್ರೆಗೆ ಮುಳುಗಿದ ಅಂಗಡಿಗೆ ಯಾರ್ ಬರ್ತಾರೆ? ಅಪಶಕುನ ಅಂತಾರೆ."

"ನಿಮ್ ಅಂಗಡಿ ಬಗ್ಗೆ ಏನಾದ್ರೂ ಹೇಳ್ಕೊಳಿ. ನಮ್ದೂ ನಡೀತಿದೆ ಅಂತ ನೀವ್ಯಾಕೆ ಹೇಳಿದ್ರಿ?" ಅನ್ವರ್ ದನಿ ಏರಿಸಲಿಲ್ಲ. "ನಿಮ್ ಮರ್ಯಾದೆ ಉಳೀತು. ಸಂತೋಷ."

ಅನ್ವರ್ ಬೈದಿದ್ದರೆ ತಡೆದುಕೊಳ್ಳುತ್ತಿದ್ದರೇನೋ. ಆದರೆ ಅದಾದ ಮೂರನೆಯ ದಿನ ರಾಣಿ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಲ್ಲಿ ಇಡ್ಲಿ ಪಾತ್ರೆ ತಬ್ಬಿಕೊಂಡು ಬಂದು ಗಲ್ಲಾ ಮುಂದೆ ಇಟ್ಟಳು. ಉಜ್ಜಿ ತೊಳೆದಿದ್ದಳು.

"ತೂಕಕ್ಕೆ ಹಾಕ್ಕೊಳ್ಳಿ ಅಣ್ಣಾ."

"ಇದೇನಮ್ಮ ಇದು!"

"ಗೊರಗುಂಟೆಪಾಳ್ಯದಲ್ಲಿ ಒಂದು ಪೀಜೀಲಿ ಅಡುಗೆ ಕೆಲಸ ಇದೆ. ನಾಳೆಯಿಂದ ಬಾ ಅಂದವ್ರೆ. ಅಲ್ಲಿ ಪಾತ್ರೆ ಅವರದ್ದೇ."

"ಒಂದೆರಡು ತಿಂಗ್ಳು ತಡ್ಕೊಂಡಿದ್ರೆ..."

"ದಿನಸಿ ಅಂಗಡಿಯೋರು ತಡ್ಕೊಳಲ್ಲ ಅಣ್ಣಾ. ಅವತ್ತು ಹಬ್ಬದಂಗೆ ಬೇಯಿಸಿದ್ನಲ್ಲ, ಆ ಬಾಕಿನೇ ಇನ್ನೂ ತೀರಿಲ್ಲ." ಅವಳ ಮಾತಿನಲ್ಲಿ ದೂರಿರಲಿಲ್ಲ. ಪಾತ್ರೆಯ ಮೇಲಿನ ಅಕ್ಷರವನ್ನು ಬೆರಳಲ್ಲಿ ಸವರಿದಳು. "ಹೆಸರು ಅಳಿಸೋಕೆ ಆಗತ್ತಾ? ಇಲ್ದಿದ್ರೆ ತಗೊಂಡೋರಿಗೆ ಬೇಜಾರಾಗತ್ತೆ."

ರಾಮಕೃಷ್ಣಪ್ಪ ಪಾತ್ರೆಯನ್ನು ತಕ್ಕಡಿಗೆ ಹಾಕಲಿಲ್ಲ. ಕೈಗೆ ಸಿಕ್ಕಷ್ಟು ದುಡ್ಡು ಕೊಟ್ಟು ಕಳಿಸಿದರು. ಅವಳು ಷಟರ್ ಎಳೆದ ಸದ್ದು ಗೋಡೆಯಾಚೆಯಿಂದ ಕೇಳಿಸಿತು. ಆ ಮಧ್ಯಾಹ್ನ ಅವರಿಗೆ ಊಟ ಸೇರಲಿಲ್ಲ. ಬುತ್ತಿ ತಂದಿದ್ದ ಮುನಿಕೃಷ್ಣಮ್ಮ ಪಾತ್ರೆಯನ್ನೂ ಗಂಡನನ್ನೂ ನೋಡಿದರು.

"ಮಾವನೋರು ಇಲ್ಲ ಅನ್ಬೇಡ ಅಂದಿದ್ದು ಗಿರಾಕಿಗೆ ಕಣ್ರೀ," ಎಂದರು ಮೆಲ್ಲಗೆ. "ಇನ್ನೊಬ್ರ ಒಲೆ ಆರ್ತಿರೋವಾಗ್ಲೂ ಅನ್ಬೇಡ ಅಂದಿದ್ರಾ?"

ಮರುದಿನವೇ ರಾಮಕೃಷ್ಣಪ್ಪ ಮಹೇಂದ್ರನ ಕಚೇರಿಗೆ ಹೋದರು. ಹೊರಗಿನ ಬೆಂಚಿನಲ್ಲಿ ಸಿಂಗಾಪುರದ ಪಿಳ್ಳಣ್ಣ ಯಾವುದೋ ಖಾತೆ ಕೆಲಸಕ್ಕೆ ಕಾದು ಕೂತಿದ್ದ. ಅವನ ಮಗಳ ಮದುವೆಗೆ ಪಾತ್ರೆ ಕೊಳ್ಳುತ್ತಾನೆಂಬ ಆಸೆಯೊಂದೇ ಆ ವರ್ಷಕ್ಕೆ ಅಂಗಡಿಯ ಆಸರೆ.

"ಓ, ರಾಮಕೃಷ್ಣಪ್ಪ! ಪಾತ್ರೆ ನಿಮ್ಮತ್ರಾನೇ ಕಣಪ್ಪ. ಎಂಗೈತೆ ಅಂಗಡಿ?"

"ದೇವ್ರ..." ಎನ್ನುವಷ್ಟರಲ್ಲಿ ಒಳಗಿನಿಂದ ಕರೆ ಬಂತು. ಬಾಗಿಲು ತೆರೆದೇ ಇತ್ತು.

"ಸಾರ್, ಅವತ್ತು ನಾನ್ ಹೇಳಿದ್ದು ಸುಳ್ಳು," ಎಂದರು ನಿಂತುಕೊಂಡೇ. "ಆ ಹೆಂಗಸ್ರು ನಮ್ ನೆಂಟರು. ಮಿಕ್ಸಿಗಳು ಯಾವತ್ತೋ ಕೆಟ್ಟು ಬಿದ್ದಿದ್ದವು. ನೀವ್ ತಿಂದ ಇಡ್ಲಿ ಸಾಲದ್ದು."

ಮಹೇಂದ್ರನ ಮುಖ ಕೆಂಪಾಯಿತು. "ಏನ್ ತಮಾಷೆ ಮಾಡ್ತೀರಾ? ಕಣ್ಣಲ್ಲಿ ಕಂಡಿದ್ದು ಬರೆದೆ ನಾನು. ನೀವೇ ಚೆನ್ನಾಗಿದೆ ಅಂದ್ಮೇಲೆ, ಇಲ್ಲ ಇವ್ರು ಕಷ್ಟದಲ್ಲಿದ್ದಾರೆ ಅಂತ ನಾನ್ ಕಥೆ ಕಟ್ಬೇಕಿತ್ತಾ? ನಾಳೆ ನನ್ನನ್ನ ಕೇಳೋರಿಗೆ ಏನ್ ಹೇಳ್ಲಿ?"

"ಮುದುಕ ಸುಳ್ಳು ಹೇಳ್ದ ಅಂತ ಹೇಳಿ ಸಾರ್. ನಿಜ ಅದೇ."

ಮಹೇಂದ್ರ ಕಡತ ತೆಗೆದು ಹಾಳೆ ತಿರುವಿದ. "ಎರಡನೇ ಸಲ ನೋಡೋಕೆ ಅವಕಾಶ ಇದೆ. ಬರತ್ತೋ ಬಿಡತ್ತೋ, ಮಾತ್ ಕೊಡಲ್ಲ. ಆದ್ರೆ ಇಲ್ಲಿ ಹೇಳಿದ್ರೆ ಆಗಲ್ಲ, ಅಂಗಡೀಲೇ ಎಲ್ಲರ ಮುಂದೆ ಹೇಳ್ಬೇಕು. ಇನ್ನೊಂದು. ಮುಚ್ಚಿರೋ ಅಂಗಡಿ ಲೆಕ್ಕಕ್ಕೆ ಬರಲ್ಲ. ಗುರುವಾರ ಬರ್ತೀನಿ. ಬಾಗಿಲು ತೆಗೆದು ಕೂತಿರ್ಬೇಕು."

ಹೊರಗೆ ಬಂದಾಗ ಪಿಳ್ಳಣ್ಣ ಎದ್ದು ನಿಂತಿದ್ದ. "ಇಂಗಾ ಇರೋದು? ನಮಗೇನೂ ಏಳ್ಳೇ ಇಲ್ವಲ್ಲಪ್ಪ."

"ಹಿಂಗೇ ಇರೋದು ಪಿಳ್ಳಣ್ಣ."

"ಪಾತ್ರೆ ಇಸ್ಯ... ನೋಡಾನ ಬಿಡು," ಎಂದ ಪಿಳ್ಳಣ್ಣ ಬೇರೆ ಕಡೆ ನೋಡುತ್ತ. ನೋಡೋಣ ಅಂದ ಗಿರಾಕಿ ತಿರುಗಿ ಬಂದದ್ದನ್ನು ರಾಮಕೃಷ್ಣಪ್ಪ ಇಷ್ಟು ವರ್ಷದಲ್ಲಿ ಕಂಡಿರಲಿಲ್ಲ.

ಬುಧವಾರ ಸಂಜೆ ಅವರು ಇಡ್ಲಿ ಪಾತ್ರೆಯನ್ನು ಆಟೋದಲ್ಲಿಟ್ಟುಕೊಂಡು ಗೊರಗುಂಟೆಪಾಳ್ಯದ ಆ ಪೀಜಿಯನ್ನು ಹುಡುಕಿಕೊಂಡು ಹೋದರು. ರಾಣಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಪಾತ್ರೆಯ ಮುಚ್ಚಳ ತೆಗೆದರೆ ಒಳಗೆ ಅಕ್ಕಿ. ನಾಲ್ಕು ಕಾಳಲ್ಲ, ಒಂದು ಸೇರಿನಷ್ಟು. ಹುಳು ಆರಿಸಿ ಜರಡಿ ಹಿಡಿದದ್ದು. ಅಕ್ಷರಗಳು ಅಳಿಸದೆ ಹಾಗೇ ಇದ್ದವು.

"ನಾಳೆ ಆ ಆಫೀಸರ್ ಮತ್ತೆ ಬರ್ತಾರೆ. ಒಂದಿನ ರಜ ಹಾಕಿ ಬಾಗಿಲು ತೆಗಿಯಮ್ಮ," ಎಂದರು. "ಹಬ್ಬ ಬೇಡ. ದಿನಾ ಎಷ್ಟ್ ಹೋಗ್ತಿತ್ತೋ ಅಷ್ಟೇ ಬೇಯಿಸು. ಕೇಳಿದ್ರೆ ಇದ್ದದ್ದನ್ನ ಹೇಳು."

"ನಂಗೆ ಮಾತಾಡೋಕ್ ಬರಲ್ಲ ಅಣ್ಣಾ. ಅಷ್ಟಾಗಿ ಸಹಾಯ ಬಂದೇ ಬರತ್ತಾ?"

"ಗೊತ್ತಿಲ್ಲಮ್ಮ. ಬರತ್ತೆ ಅಂತ ಈ ಸಲ ನಾನು ಹೇಳಲ್ಲ."

ಗುರುವಾರ ರಾಮಕೃಷ್ಣಪ್ಪ ಬಟ್ಟೆ ಮುಟ್ಟಲಿಲ್ಲ. ಧೂಳು ಇದ್ದ ಹಾಗೇ ಇತ್ತು. ಪಕ್ಕದಲ್ಲಿ ರಾಣಿಯ ಒಲೆ ಸಣ್ಣಗೆ ಉರಿಯುತ್ತಿತ್ತು. ಅನ್ವರ್ ಖಾಲಿ ಮೇಜಿನ ಮುಂದೆ ಕೈಕಟ್ಟಿ ಕೂತಿದ್ದ. ಬಿಸಿಲೇರಿದ ಮೇಲೆ ತಗಡಿನ ಸಂದಿಯಿಂದ ಮಹೇಂದ್ರ ಬಂದ. ಕಪಾಟಿನಲ್ಲಿದ್ದ ಕೊಡವೊಂದರ ಮೇಲೆ ಬೆರಳಾಡಿಸಿದ; ಬೆರಳಿನ ಗೆರೆಯಲ್ಲಿ ಮಾತ್ರ ಸ್ಟೀಲು ಹೊಳೆಯಿತು.

"ಹೇಳಿ ಯಜಮಾನ್ರೇ. ವ್ಯಾಪಾರ?"

ಸಾಲಿನವರೆಲ್ಲ ಮೆಟ್ಟಿಲ ಕೆಳಗೆ ಸೇರಿದ್ದರು. ರಾಮಕೃಷ್ಣಪ್ಪ ಎದ್ದು ನಿಂತು ಹೇಳಬಹುದಿತ್ತು. ಏಳಲಿಲ್ಲ. ತಂದೆ ಕೂರುತ್ತಿದ್ದ ಜಾಗದಲ್ಲೇ, ಗಲ್ಲಾಪೆಟ್ಟಿಗೆಯ ಮೇಲೆ ಕೈಯಿಟ್ಟು ಕೂತು ಹೇಳಿದರು:

"ಇಲ್ಲ ಸಾರ್."

ಮಹೇಂದ್ರ ತಲೆಯೆತ್ತಿದ.

"ನಂಗಿಲ್ಲ, ಅನ್ವರ್‌ಗಿಲ್ಲ, ಆ ಹೆಣ್ಣುಮಗಳಿಗಿಲ್ಲ. ಈ ಸಾಲಲ್ಲಿ ಯಾರಿಗೂ ಇಲ್ಲ."

ಮಹೇಂದ್ರ ಒಂದೊಂದೇ ಅಂಗಡಿ ಹೊಕ್ಕು, ಕೇಳಿ, ಬರೆದುಕೊಂಡು ಹೊರಟ. ಬರುತ್ತದೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ಅನ್ವರ್ ಅವತ್ತು ಮೆಟ್ಟಿಲು ಹತ್ತಿ ಬಂದು ಸ್ಟೂಲಿನ ಮೇಲೆ ಕೂತ.

ರಾಣಿ ಒಂದು ತಟ್ಟೆಯಲ್ಲಿ ಇಡ್ಲಿ ತಂದಿಟ್ಟಳು.

"ಬೋಣಿ ಆಯ್ತೇನಮ್ಮ?" ಎಂದು ಕೇಳಿದರು ರಾಮಕೃಷ್ಣಪ್ಪ.

"ಇಲ್ಲ ಅಣ್ಣಾ."

"ಹಂಗಾದ್ರೆ ಹಿಡಿ," ಎಂದು ಅವರು ಜೇಬಿಗೆ ಕೈ ಹಾಕಿದರು. ಅವಳು ಬೇಡವೆನ್ನಲಿಲ್ಲ. ಕೊಟ್ಟದ್ದನ್ನು ಕಣ್ಣಿಗೊತ್ತಿಕೊಂಡಳು.

ತಗಡಿನಾಚೆ ಮತ್ತೆ ಮಣ್ಣು ಅಗೆಯುವ ಯಂತ್ರ ಶುರುವಾಯಿತು. ಧೂಳು ಎದ್ದು ಮೆಟ್ಟಿಲು ಹತ್ತಿ ಒಳಗೆ ಬರತೊಡಗಿತು. ರಾಮಕೃಷ್ಣಪ್ಪ ಕಪಾಟಿನಿಂದ ಮಾರಾಟದ ಹೊಸ ಮುಚ್ಚಳವೊಂದನ್ನು ತೆಗೆದು, ಪಂಚೆಯ ಅಂಚಿನಲ್ಲಿ ಒರೆಸಿ, ಇಡ್ಲಿಯ ತಟ್ಟೆಗೆ ಮುಚ್ಚಿದರು.