ಕಿವಿಯೋಲೆಯ ಮೇಲೆ ಕಣ್ಣು

ಅವನ ಅಂಗಿಯ ಬೆನ್ನಿನ ಮೇಲೆ ಬೆವರಿನ ಉಪ್ಪು ಒಣಗಿ ಭೂಪಟ ಬರೆದಿದೆ, ಗಾಳಿ ತುಂಬಿದಾಗ ಉಬ್ಬುತ್ತದೆ, ತಿರುವು ಬಂದಾಗ ಕುಗ್ಗುತ್ತದೆ, ಇದೂ ಒಂದು ದ್ವೀಪವೇ ಅಂದುಕೊಂಡಳು ಹಿಂದಿನ ಸೀಟಿನಲ್ಲಿ ಕೂತವಳು, ಸಮುದ್ರ ದಾಟಿ ಬಂದು ನೋಡಲು ಸಿಕ್ಕಿದ್ದು ಗಂಡನ ಬೆನ್ನು — ಬಾಡಿಗೆಯ ಸ್ಕೂಟರು ದೀಪಸ್ತಂಭದ ಗುಡ್ಡ ಹತ್ತುತ್ತಿದೆ, ಹತ್ತುತ್ತಿದೆ ಅನ್ನುವುದೂ ಉಪಚಾರದ ಮಾತು, ತೆವಳುತ್ತಿದೆ, ಈಗಷ್ಟೇ ಒಂದು ಮೇಕೆ ಇವರನ್ನು ಹಿಂದೆ ಹಾಕಿ ಹೋಯಿತು, ಹೋಗುವಾಗ ಪಾಪ ಅನ್ನುವಂತೆ ತಿರುಗಿಯೂ ನೋಡಿತು. ಊರಿನಲ್ಲಿ ಇವನು ಗಾಡಿ ಬಿಟ್ಟರೆ ಹಿಂದೆ ಕೂತವರು ಜೀವ ಕೈಯಲ್ಲಿ ಹಿಡಿದಿರಬೇಕಿತ್ತು, ನಿಧಾನ ರೀ ಅಂದರೆ ಆಕ್ಸಿಲರೇಟರನ್ನು ಇನ್ನೊಂದು ಚೂರು ತಿರುವುತ್ತಿದ್ದ, ಈಗ ರಸ್ತೆಯಂಚಿನ ಬಿಳಿ ಗೆರೆಗೆ ಗೋಂದು ಹಾಕಿದ ಹಾಗೆ ಅಂಟಿಕೊಂಡು ಹೋಗುತ್ತಿದ್ದಾನೆ, ಮನಸ್ಸು ಇಲ್ಲಿಲ್ಲ, ಎಲ್ಲಿದೆ ಅನ್ನುವುದು ಅವಳಿಗೆ ಗೊತ್ತು, ಆ ಬ್ಯೂಟಿ ಪಾರ್ಲರಿನವಳ ಹತ್ತಿರ ಇದೆ. ಮದುವೆಗೆ ಮುಂಚಿನಿಂದಲೂ ಅಂಗಡಿಗಳಿಗೆ ಬೋರ್ಡು ಬರೆಯುವುದೇ ಕಸುಬಾದ ಮನುಷ್ಯ, ಬೆಳಿಗ್ಗೆ ಹೋದರೆ ಮಧ್ಯಾಹ್ನದೊಳಗೆ ಒಂದು ಬೋರ್ಡು ಮುಗಿಸಿ ಬ್ರಷ್ಷು ತೊಳೆಯುವವನು, ಅವಳ ಪಾರ್ಲರಿನ ಒಂದೇ ಬೋರ್ಡಿಗೆ ಎಷ್ಟು ಸಲ ಹೋಗಿ ಬಂದ, ಯಾಕ್ರೀ ಅಂದರೆ ಆಯಮ್ಮನಿಗೆ ಒಪ್ಪಿಗೆ ಆಗಲಿಲ್ಲ ಅಂದ, ಏನು ಒಪ್ಪಿಗೆ ಆಗಲಿಲ್ಲ ಅಂದರೆ ಹೆಂಡತಿಯ ಮುಖ ಬಿಟ್ಟು ಕಿವಿಯೋಲೆ ನೋಡಿದ. ಈಗೀಗ ಅದೇ ಆಗಿದೆ, ಅನ್ನ ಬಡಿಸು ಅಂದರೂ ಓಲೆಗೇ ಹೇಳುತ್ತಾನೆ, ಹೋಗಿ ಬರ್ತೀನಿ ಅಂದರೂ ಓಲೆಗೇ, ಒಂದು ದಿನ ಓಲೆ ಬಿಚ್ಚಿಟ್ಟೂ ನೋಡಿದಳು, ಬರೀ ಕಿವಿಯ ಜೊತೆ ಮಾತಾಡಿದ.

ತಪ್ಪು ಮಾಡಿದ ಗಂಡಸು ಹೆಂಡತಿ ಮುಖ ಒಂದು ಬಿಟ್ಟು ಪ್ರಪಂಚವನ್ನೆಲ್ಲ ನೋಡ್ತಾನೆ ಕಣೇ ಅಂದಿದ್ದಳು ಅಕ್ಕ, ನಿನ್ನ ಭಾವನನ್ನೇ ತಗೋ, ಒಂದಿಡೀ ವರ್ಷ ಫ್ಯಾನ್ ನೋಡ್ತಿದ್ದರು, ಊರಿಂದ ಆಚೆ ಕರಕೊಂಡು ಹೋಗು, ಸುತ್ತ ನೀರಿರೋ ಕಡೆ, ಎದ್ದು ಓಡೋಕಾಗಲ್ಲ, ತಾನಾಗಿ ಬಾಯಿ ಬಿಡ್ತಾರೆ — ಅಕ್ಕನ ಬುದ್ಧಿಯೇ ಬುದ್ಧಿ, ಹಾಗಾಗಿ ಈ ದ್ವೀಪ. ಬಂದ ದಿನ ಜಲಪಾತಕ್ಕೆ ಹೋದರು, ಬಂಡೆ ಇತ್ತು, ಬೇಲಿ ಇತ್ತು, ಕುರ್ಚಿ ಹಾಕಿಕೊಂಡ ಕಾವಲುಗಾರ ಇದ್ದ, ನೀರೊಂದು ಇರಲಿಲ್ಲ, ಮಳೆಗಾಲಕ್ಕೆ ಬನ್ನಿ ತುಂಬಿ ಬೀಳುತ್ತೆ ಅಂದ ಕಾವಲುಗಾರ, ಆಮೇಲೆ ತಾನೇ ಯೋಚಿಸಿ, ಮಳೆಗಾಲದಲ್ಲಿ ದಾರಿ ಮುಚ್ಚಿರ್ತಾರೆ ಅಂತಲೂ ಸೇರಿಸಿದ. ಮಾರನೆಯ ದಿನ ಗಾಜಿನ ತಳದ ದೋಣಿ, ಗಾಜಿಗೆ ಪಾಚಿ ಕಟ್ಟಿ ಹಸಿರು ಕಂಬಳಿ ಹಾಸಿದ ಹಾಗಿತ್ತು, ಎಲ್ಲರೂ ಬಗ್ಗಿ ತಮ್ಮ ತಮ್ಮ ಕಾಲ್ಬೆರಳು ನೋಡಿಕೊಂಡರು, ಮೀನು ಇದಾವೆ, ಗಾಜಿಂದ ಆಚೆ ಇದಾವೆ ಅಂದ ದೋಣಿಯವನು, ಅದು ಸುಳ್ಳಂತೂ ಅಲ್ಲ — ಆಗಲೇ ಎಡಗಡೆ ನೀರು ಸೀಳಿತು, ಡಾಲ್ಫಿನ್ನುಗಳು, ಯಾರೂ ಕೇಳದೆ ಬಂದವು, ಮೈಯೆಲ್ಲ ಬೆಳ್ಳಿ, ದೋಣಿಯ ಪಕ್ಕಕ್ಕೇ ಬಂದು ಹಾರಿದವು, ಜನ ಎದ್ದು ಕೂಗಿದರು, ದೋಣಿ ವಾಲಿತು, ಅವಳ ಎದೆಯಲ್ಲಿ ಏನೋ ಹಗುರಾಯಿತು, ಮುನಿಸು ಮರೆತು ಅವನ ತೋಳು ಹಿಡಿದಳು, ಅವನೂ ಎದ್ದ, ಎಲ್ಲರೂ ಆಹಾ ಅಂದು ಮುಗಿಸಿದ ಮೇಲೆ ಆಹಾ ಅಂದ, ಅಗೋ ಅಲ್ಲಿ ಅಂತ ಬೆರಳು ತೋರಿಸಿದ, ಬೆರಳಿನ ತುದಿಯಲ್ಲಿ ಬರೀ ನೀರಿತ್ತು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಮರ್ಯಾದೆಗೆ ಹೌದು ಹೌದು ಅಂದರು. ಡಾಲ್ಫಿನ್ ಬಂದು ತೊಡೆಯ ಮೇಲೆ ಕೂತರೂ ಈ ಮಹಾನುಭಾವನಿಗೆ ಪಾರ್ಲರೇ ಕಾಣುತ್ತದೆ ಅಂತ ಅವಳು ತೋಳು ಬಿಟ್ಟಳು. ಈ ಬೆಳಿಗ್ಗೆ ಲಾಡ್ಜಿನ ಬಚ್ಚಲಲ್ಲಿ ಅವಳ ಮುಖಕ್ಕೆ ಹಚ್ಚುವ ಕ್ರೀಮನ್ನು ಬ್ರಷ್ಷಿಗೆ ಹಾಕಿಕೊಂಡು ಹಲ್ಲುಜ್ಜಿದ, ಥೂ ಅಂತ ಉಗುಳಿದ, ಅವಳಿಗೆ ನಗು ಬಂತು, ಆಮೇಲೆ ನಗು ಹೋಯಿತು, ಪ್ರೀತಿಯಲ್ಲಿ ಬಿದ್ದವರಿಗೆ ಮೈಮೇಲೆ ಎಚ್ಚರ ಇರಲ್ಲವಂತೆ. ಇವತ್ತು ಕೇಳಿಬಿಡಬೇಕು, ಗುಡ್ಡದ ಮೇಲೆ, ಮಾತು ಜೋಡಿಸಿಟ್ಟುಕೊಂಡಿದ್ದಾಳೆ, ನೋಡಿ ನಾನೇನೂ ರಂಪ ಮಾಡಲ್ಲ, ಇದ್ದದ್ದು ಇದ್ದ ಹಾಗೆ ಹೇಳಿ, ಇರೋದಾ ಬಿಡೋದಾ ಅಂತ ನಾನು ನಿರ್ಧಾರ ಮಾಡ್ತೀನಿ — ಚೆನ್ನಾಗಿದೆ, ಕೊನೆಯದನ್ನು ಗಟ್ಟಿ ದನಿಯಲ್ಲಿ ಹೇಳಬೇಕು, ಅಳಬಾರದು.

ಮೇಲೆ ಬಂದಾಗ ಎಲ್ಲ ಮೋಡ, ಬಿಳಿಯ ಗೋಡೆ, ಇದೂ ಹೋಯಿತು ಅಂದುಕೊಳ್ಳುವಷ್ಟರಲ್ಲಿ ಯಾರೋ ಪರದೆ ಸರಿಸಿದ ಹಾಗೆ ಮೋಡ ಪಕ್ಕಕ್ಕೆ ಹೋಯಿತು, ಕೆಳಗೆ ಸಮುದ್ರ, ನೀಲಿಯಲ್ಲಿ ಇನ್ನೊಂದು ನೀಲಿ, ಮಣಿಸರ ಹರಿದು ಚೆಲ್ಲಿದಂತೆ ಪುಟ್ಟ ಪುಟ್ಟ ದ್ವೀಪಗಳು, ವರ್ಷವಿಡೀ ಕಾದರೂ ಕೆಲವರಿಗೆ ಇಷ್ಟು ಸಿಗಲ್ಲ ನಿಮ್ಮ ಅದೃಷ್ಟ ಅಂದಳು ಎಳನೀರು ಮಾರುವವಳು. ಅವನು ಕಟಕಟೆಯ ಕಡೆಗೆ ಹೋಗಿ ಅಲ್ಲಿ ನೆಟ್ಟ ಒಂದು ಬೋರ್ಡಿನ ಎದುರು ನಿಂತ. ಅವಳು ಅವನ ಪಕ್ಕ ಹೋಗಿ ನಿಂತು, ನೋಡಿ, ಅಂತ ಶುರು ಮಾಡಬೇಕು — ಆದರೆ ಬೋರ್ಡು ಕಣ್ಣಿಗೆ ಬಿತ್ತು, ಏನು ಬೋರ್ಡಪ್ಪ ಅದು, ಕೈಯಲ್ಲೇ ಬರೆದದ್ದು, ಅಕ್ಷರಗಳು ಕುಡಿದು ಸಾಲಾಗಿ ನಿಂತವರ ಹಾಗೆ ಒಂದರ ಮೇಲೊಂದು ವಾಲಿವೆ, ಬಣ್ಣ ಇಳಿದು ಮೂಗು ಸೋರಿದ ಹಾಗಿದೆ, ಈಗ ಶುರುವಾಗುತ್ತದೆ ಅಂತ ಕಾದಳು, ಇಂಥದ್ದೊಂದು ಕಂಡರೆ ಇವನು ಸುಮ್ಮನಿದ್ದದ್ದೇ ಇಲ್ಲ, ಈ ಅಕ್ಷರಕ್ಕೆ ಸೊಂಟ ಎಲ್ಲಿ, ಇದಕ್ಕೆ ಗೂನು ಬಂದಿದೆ, ಯಾವನಯ್ಯ ಇದನ್ನು ಬರೆದವನು, ಅವನ ಕೈಯಿಂದ ಬ್ರಷ್ಷು ಕಿತ್ತು ಪೊರಕೆ ಕೊಡಿ, ಮದುವೆಯಾದ ಹೊಸದರಲ್ಲಿ ಒಂದು ಬಟ್ಟೆ ಅಂಗಡಿಯ ಬೋರ್ಡನ್ನು ಬೈಯುತ್ತ ನಿಂತು ಬಸ್ಸೇ ತಪ್ಪಿಸಿದ್ದ, ಆ ಬೈಗುಳಕ್ಕೆ ಅವಳು ರಸ್ತೆಯಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಅವನು ತಲೆಯನ್ನು ಒಂದು ಚೂರು ಓರೆ ಮಾಡಿದ, ಇನ್ನೊಂದು ಚೂರು ಮಾಡಿದ, ಏನಂತೆ ಅದು ಅಂದ. ಅಂಚಿಗೆ ಹೋಗಬೇಡಿ ಅಂತೆ ಅಂದಳು. ಓ, ಅಂದ, ಚೆನ್ನಾಗಿ ಬರೆದಿದ್ದಾನೆ.

ಚೆನ್ನಾಗಿ ಬರೆದಿದ್ದಾನೆ — ಗಾಳಿ ನಿಂತ ಹಾಗಾಯಿತು, ನಿಂತಿರಲಿಲ್ಲ, ಅವಳ ಕೂದಲು ಬಾಯಿಗೆ ಬರುತ್ತಲೇ ಇತ್ತು, ಓರೆ ಮಾಡಿದ ತಲೆ, ಆ ತಲೆಯನ್ನು ಅವಳು ಎಲ್ಲಿ ನೋಡಿದ್ದಾಳೆ, ತನ್ನದೇ ಕನ್ನಡಕದ ಅಂಗಡಿಯಲ್ಲಿ, ಪರೀಕ್ಷೆಯ ಸ್ಟೂಲಿನ ಮೇಲೆ, ಹೋದ ವರ್ಷ ಒಬ್ಬ ಮುದುಕ ಟೈಲರು ಹೀಗೇ ಕೋಳಿಯ ಹಾಗೆ ಕತ್ತು ತಿರುಗಿಸಿ ಕೂತಿದ್ದ, ಸೀದಾ ನೋಡಿದರೆ ಮಧ್ಯದಲ್ಲಿ ಮಂಜು ಕಣಮ್ಮ, ಪಕ್ಕಕ್ಕೆ ನೋಡಿದರೆ ಒಂದು ಚೂರು ಸಿಗುತ್ತೆ, ಅವನು ಮಾತು ಮುಗಿಸುವುದರೊಳಗೆ ಅವಳಿಗೆ ಗೊತ್ತಾಗಿತ್ತು, ಇದಕ್ಕೆ ನನ್ನ ಕನ್ನಡಕ ಸಾಲದು ತಾತ, ಕಣ್ಣಿನ ಒಳಪರದೆಯ ನಡುಭಾಗ ಸವೆದಿದೆ, ಇವತ್ತೇ ದೊಡ್ಡಾಸ್ಪತ್ರೆಗೆ ಹೋಗಿ, ತಡ ಮಾಡಿದಷ್ಟು ನಷ್ಟ ಅಂತ ತಾನೇ ಆಟೋ ಹತ್ತಿಸಿದ್ದಳು. ಊರಿನ ಕಣ್ಣೆಲ್ಲ ಅವಳ ಕೈಯಲ್ಲಿ ಹಾದು ಹೋಗಿದೆ. ದೀಪದ ಬುಡದಲ್ಲಿ ಕತ್ತಲೆ ಅಂತಾರೆ, ಇಲ್ಲ, ಅವಳು ಬುಡವನ್ನೂ ನೋಡಿದ್ದಳು, ತಪ್ಪದೆ ನೋಡಿದ್ದಳು, ಹೊಸ ವರ್ಷದ ಮೊದಲ ಬೋಣಿ ಅವನ ಕಣ್ಣೇ ಆಗಬೇಕು ಅಂತ ಅವರಿಬ್ಬರ ಪದ್ಧತಿ, ಬಾಗಿಲು ತೆಗೆದು ಮೊದಲು ಅವನನ್ನೇ ಸ್ಟೂಲಿನ ಮೇಲೆ ಕೂರಿಸುವಳು, ಒಂದು ಕಣ್ಣು ಮುಚ್ಚಿ, ಓದಿ, ಅನ್ನುವಳು, ಅವನು ಮೇಲಿನ ದೊಡ್ಡ ಅಕ್ಷರದಿಂದ ಕೆಳಗಿನ ಸಾಸಿವೆ ಅಕ್ಷರದವರೆಗೆ ಗಡಗಡ ಮಗ್ಗಿ ಒಪ್ಪಿಸುವ ಹಾಗೆ ಓದುವನು, ಶಭಾಷ್, ಹದ್ದಿನ ಕಣ್ಣು ಅನ್ನುವಳು — ಗೋಡೆಯ ಮೇಲಿನ ಆ ಚಾರ್ಟು ಬರೆದವರು ಯಾರು. ಅವನೇ. ಅಂಗಡಿ ಶುರು ಮಾಡಿದಾಗ ಅವಳು ಚಾರ್ಟು ಬರೆಸಲು ಅವನ ಶೆಡ್ಡಿಗೆ ಹೋಗಿದ್ದಳು, ಗುರುತಾದದ್ದೇ ಹಾಗೆ, ಬಣ್ಣ ಮಾಸಿದಾಗಲೆಲ್ಲ ಮೇಲೆ ತಿದ್ದಿದವನೂ ಅವನೇ, ಕಣ್ಣು ಕಟ್ಟಿದರೂ ಹೇಳಬಲ್ಲ, ಹೇಳಿದ, ಎಷ್ಟು ವರ್ಷ ನೋಡಿ ಓದಿದ, ಯಾವ ವರ್ಷದಿಂದ ಬಾಯಿಪಾಠ ಒಪ್ಪಿಸಿದ, ಎದುರಿಗೇ ಕೂತ ಅವಳಿಗೆ ಗೊತ್ತಿಲ್ಲ.

ಪಾರ್ಲರಿನವಳಿಗೆ ಒಪ್ಪಿಗೆಯಾಗಲಿಲ್ಲ, ಪಾಪ, ಹೇಗೆ ಆಗಬೇಕು, ಸೊಟ್ಟ ಸೊಟ್ಟಗೆ ಬರೆದಿರುತ್ತಾನೆ, ಅಳಿಸಿ ಮತ್ತೆ ಬರೆದಿರುತ್ತಾನೆ, ಆ ಹೆಂಗಸು ಎದುರು ನಿಂತು ಏನೇನು ಅಂದಳೋ, ಇವನು ತಲೆ ತಗ್ಗಿಸಿ ಕೇಳಿಸಿಕೊಂಡು ಬಂದನೋ, ಅವಳನ್ನು ಇವಳು ಮನಸ್ಸಿನಲ್ಲೇ ಎಷ್ಟು ಸಲ ಜಡೆ ಹಿಡಿದು ಎಳೆದಿದ್ದಾಳೆ, ಎಲ್ಲ ದಂಡ. ಬೇರೆ ಹೆಂಗಸು ಇಲ್ಲ, ಸಂತೋಷ ಪಡಬೇಕು, ಪಡೋಣ ಅಂತ ಹೊರಟರೆ ಆಗುವುದಿಲ್ಲ, ಬೇರೆ ಹೆಂಗಸಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಯಾಕೆ ಹೇಳಲಿಲ್ಲ — ಬ್ರಷ್ಷು ಹಿಡಿಯುವ ಕೈಗೆ ಕಣ್ಣಿಲ್ಲ ಅಂದರೆ ಉಳಿಯುವುದೇನು, ಅದಕ್ಕೇ ಹೇಳಲಿಲ್ಲ, ಕಣ್ಣಿನ ಅಂಗಡಿಯವಳಿಗೆ ಹೇಗೆ ಹೇಳುವುದು ಅಂತ ಹೇಳಲಿಲ್ಲ, ಮತ್ತೆ ಆ ಶೆಡ್ಡು ನೆನಪಿಗೆ ಬಂತು, ಚಾರ್ಟಿಗೆ ಅಂತ ಹೋದ ದಿನ, ಅವನು ಒಂದು ಫೋಟೋ ಸ್ಟುಡಿಯೋದ ಬೋರ್ಡಿಗೆ ಹೆಣ್ಣಿನ ಚಿತ್ರ ಬರೆಯುತ್ತಿದ್ದ, ಮುಖ ಕೂಡಿ ಬರಲಿಲ್ಲ ಅಂತ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಹೆಬ್ಬೆರಳಿಗೆ ಸುತ್ತಿ ಒಂದೇ ಎಳೆತಕ್ಕೆ ಒರೆಸಿಬಿಟ್ಟ, ತುರುಬು ಉಳಿಯಿತು, ಹೂವು ಉಳಿಯಿತು, ಎರಡು ಕಡೆ ಓಲೆ ಹಾಗೇ ಹೊಳೆಯುತ್ತಿದ್ದವು, ನಡುವೆ ಒದ್ದೆ ಕಲೆ. ಈಗ ಅವಳು ಹಾಗಿದ್ದಾಳೆ ಅವನಿಗೆ. ಮನೆಯಲ್ಲಿ, ಊಟಕ್ಕೆ ಕೂತಾಗ, ಈ ಗುಡ್ಡದ ಮೇಲೆ, ತುರುಬು, ಓಲೆ, ನಡುವೆ ಒರೆಸಿದ ಜಾಗ.

ಅವಳು ಹೋಗಿ ಅವನ ಎದುರು ನಿಂತಳು, ಸಮುದ್ರಕ್ಕೆ ಬೆನ್ನು ಮಾಡಿ, ಬಿಸಿಲು ಅವಳ ಮುಖದ ಮೇಲೇ ಬೀಳುತ್ತಿತ್ತು, ಇದಕ್ಕಿಂತ ಒಳ್ಳೆ ಬೆಳಕು ಯಾವ ಪರೀಕ್ಷೆಗೂ ಸಿಗಲ್ಲ. ಅಳಬಾರದು ಅಂತ ಬೇರೆಯದಕ್ಕೆ ಅಂದುಕೊಂಡಿದ್ದು, ಇದಕ್ಕಲ್ಲ, ಕಣ್ಣಿಂದ ಧಾರೆ, ಮೂಗಿನ ಪಕ್ಕ ಇಳಿದು ಗಲ್ಲದಿಂದ ತೊಟ್ಟಿಕ್ಕುತ್ತಿದೆ, ತುಟಿ ಒಂದು ಕಡೆಗೆ ಎಳೆದುಕೊಂಡಿದೆ, ಸದ್ದು ಮಾತ್ರ ಬಿಡಲಿಲ್ಲ. ಅವನು ಅವಳ ಓಲೆಯ ಕಡೆ ಕಣ್ಣು ಹೊರಳಿಸಿದ, ಬಹಳ ಹೊತ್ತು ನೋಡಿದ, ಮುಖ ನಿಧಾನಕ್ಕೆ ಅರಳಿತು.

ನಗ್ತಾ ಇದ್ದೀಯ ಅಂದ. ನೀನು ಹೀಗೆ ನಕ್ಕು ಎಷ್ಟು ದಿನ ಆಯ್ತು.

ಹೂಂ, ಅಂದಳು, ನಗ್ತಾ ಇದ್ದೀನಿ ರೀ. ಆಮೇಲೆ, ಕೀ ಕೊಡಿ, ಇಳೀವಾಗ ನಾನು ಓಡಿಸ್ತೀನಿ, ಹಿಂದೆ ಕೂತು ಕೂತು ಕಾಲು ಜೋಮು ಹಿಡೀತು ಅಂದಳು, ಗಾಡಿಯ ಕೀ ಹೆಂಡತಿಗೆ ಕೊಡುವ ಗಂಡಸಲ್ಲ ಅವನು, ಊರಿನಲ್ಲಿ ಅದಕ್ಕೊಂದು ರಾಮಾಯಣವೇ ಆಗುತ್ತಿತ್ತು, ಇವತ್ತು ಕೇಳಿದ ಕೂಡಲೇ ಜೇಬಿಗೆ ಕೈ ಹಾಕಿ ತೆಗೆದ, ಅವಳ ಅಂಗೈಗೆ ತಾಗಿಸಿ ತಡವಿ ನೋಡಿ ಇಟ್ಟ, ಅಷ್ಟು ಹೊತ್ತು ಹಿಡಿದಿದ್ದ ಉಸಿರನ್ನು ಆಗ ಬಿಟ್ಟ, ಅಷ್ಟರಲ್ಲೇ ಎಲ್ಲ ಹೇಳಿದ ಹಾಗಾಯಿತು, ಇಲ್ಲ, ಏನೂ ಹೇಳಿದ ಹಾಗಾಗಲಿಲ್ಲ. ಇಳಿಜಾರು, ತಿರುವು, ಇನ್ನೊಂದು ತಿರುವು, ಅವನ ಗದ್ದ ಅವಳ ಹೆಗಲ ಮೇಲೆ, ಇವತ್ತೊಂದು ದಿನ ಎಲ್ಲಾ ಸರಿಯಾಗಿ ಕಾಣಿಸ್ತು ಅಲ್ವಾ ಅಂತ ಕಿವಿಯ ಹತ್ತಿರ ಹೇಳುತ್ತಾನೆ, ಹೂಂ ಅನ್ನುತ್ತಾಳೆ, ನಾಳೆ ದಡ ಮುಟ್ಟಿದ ಕೂಡಲೇ ದೊಡ್ಡಾಸ್ಪತ್ರೆ, ಇವತ್ತು ಸಂಜೆ ಹೇಳಬೇಕು, ಯಾವ ಮಾತಿನಿಂದ ಶುರು ಮಾಡುವುದು, ನೋಡಿ, ಅನ್ನಬಾರದು, ಆ ಮಾತೊಂದು ಬೇಡ — ಎಲ್ಲಿಂದ ಬಂತು ಅವನಿಗೆ ಆ ನಗು, ಒರೆಸಿದ ಜಾಗದಲ್ಲಿ ತಾನೇ ಬರೆದುಕೊಂಡನೆ, ಯಾವ ವಯಸ್ಸಿನ ಮುಖ ಬರೆದ, ಬಸ್ಸು ತಪ್ಪಿದ ದಿನದ್ದೋ, ಆ ಮುಖ ಇಟ್ಟುಕೊಳ್ಳಲಿ, ನಾನು ಮುದುಕಿಯಾದರೂ ಅದೇ ಇರಲಿ, ಇಲ್ಲ, ಬೇಡ, ನನ್ನನ್ನು ನೋಡಲಿ, ಅತ್ತರೆ ಅತ್ತಿದ್ದು ನೋಡಲಿ, ಇನ್ನೂ ಎಷ್ಟು ಉಳಿದಿದೆಯೋ ಅಷ್ಟರಲ್ಲಿ, ತಡ ಮಾಡಿದಷ್ಟು, ತಡ ಮಾಡಿದಷ್ಟು — ಬಟ್ಟೆ ಸುತ್ತಿದ ಹೆಬ್ಬೆರಳು, ತುರುಬು, ಹೂವು, ಎರಡು ಓಲೆ, ನಡುವೆ ಇನ್ನೂ ಒಣಗದ ಒದ್ದೆ ಕಲೆ.