ಕರೆಂಟ್ ಹೋದ ಹೊತ್ತಿನ ಸಪ್ಪಳ

ಮಗ್ಗಗಳು ನಿಂತವು, ಒಂದರ ಹಿಂದೊಂದು, ಓಣಿಯ ಆ ತುದಿಯಿಂದ ಈ ತುದಿಗೆ, ಖಟಾಖಟ ಖಟಾಖಟ ಅನ್ನುತ್ತಿದ್ದ ಬನಹಟ್ಟಿಗೆ ಬನಹಟ್ಟಿಯೇ ಬಾಯಿ ಮುಚ್ಚಿತು, ಎಂಟೂವರೆಗೆ ಸರಿಯಾಗಿ ಕರೆಂಟ್ ತೆಗೆದರು ಅಂದುಕೊಂಡಳು ಅಂಜನಾ, ಕಟ್ಟೆಯ ಮೇಲೆ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದವಳ ಕೈರಾಟೆಗೆ ಕರೆಂಟಿನ ಹಂಗಿಲ್ಲ, ಅದು ತಿರುಗುತ್ತಲೇ ಇದೆ, ಈಗ ಇವರು ಗಾಡಿ ಶುರು ಮಾಡುತ್ತಾರೆ — ಇವರು ಅಂದರೆ ಗಂಡ ಗಿರಿಮಲ್ಲಪ್ಪ, ಮನೆಯ ಮುಂದಿನ ತಗಡಿನ ಶೆಡ್ಡಿನಲ್ಲಿ ಇಪ್ಪತ್ತು ವರ್ಷದಿಂದ ಮೋಟಾರ್‌ಸೈಕಲ್ ರಿಪೇರಿ, ಕಿವಿ ಮೇಸ್ತ್ರಿ ಅಂತಲೇ ಜಮಖಂಡಿ ಮುಧೋಳದ ತನಕ ಹೆಸರು, ಅದೇನು ಪುಕ್ಕಟೆ ಬಂದ ಹೆಸರಲ್ಲ, ಸಪ್ಪಳದ ಗಾಡಿ ತಂದವರಿಗೆಲ್ಲ ಒಂದೇ ಮಾತು, ಸಂಜಿಗೆ ಇಲ್ಲೇ ಬಿಟ್ಟು ಹೋಗ್ರಿ, ಇಂಜಿನ್ ಪೂರಾ ತಣ್ಣಗ ಆಗಬೇಕು, ಮುಂಜಾನೆ ಕರೆಂಟ್ ಹೋದ ಮ್ಯಾಲೆ ಬರ್ರಿ, ಈ ಮಗ್ಗದ ಗದ್ದಲದಾಗ ದೇವರು ಬಂದು ಕಿವ್ಯಾಗ ಹೇಳಿದ್ರೂ ಕೇಳೂದಿಲ್ಲ. ಊರೆಲ್ಲ ಕರೆಂಟ್ ಹೋಯಿತೆಂದು ಬೈದುಕೊಳ್ಳುವ ಹೊತ್ತಿಗೆ ಈ ಮನೆಯಲ್ಲಿ ಮಾತ್ರ ಕೆಲಸ ಶುರುವಾಗುತ್ತದೆ. ಇವತ್ತಿನ ಗಾಡಿ ತೇರದಾಳದ ಕುಣಾಲನದು, ಬಟ್ಟೆ ವ್ಯಾಪಾರದ ಹುಡುಗ, ನಿನ್ನೆ ಸಂಜೆ ಬಿಟ್ಟು ಹೋದವನು ಈಗ ಮಗಳನ್ನು ಕರೆದುಕೊಂಡು ಬಸ್ಸಿಗೆ ಬಂದಿದ್ದಾನೆ, ಐದು ವರ್ಷದ ಸಿದ್ಧಿ, ತಲೆಗೆ ಕೆಂಪು ಕುಲಾಯಿ, ಚಳಿಗೆ ಮೂಗೂ ಅದೇ ಬಣ್ಣ, ಹೆಂಡತಿ ಮುಧೋಳದ ತವರಿನಲ್ಲಿದ್ದಾಳಂತೆ, ಕೂಸನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು ಇಲ್ಲಿಂದ ನೇರ ಅಲ್ಲಿಗೇ ಹೊರಡುವವನು, ಲಗೂನ ಆಗತೈತೇನ್ರಿ ಅಣ್ಣಾರ ಅಂತ ಆಗಲೇ ಎರಡು ಸಲ ಕೇಳಿದ.

ಚೋಕ್ ಎಳೆದು ಒಂದು ಕಿಕ್, ಎರಡು ಕಿಕ್, ಮೂರನೆಯದಕ್ಕೆ ಕೆಮ್ಮಿ ಎದ್ದಿತು ಗಾಡಿ, ಟಿಕ್‌ಟಿಕ್‌ಟಿಕ್, ಮೇಲಿನಿಂದ, ತೆಳ್ಳಗೆ, ಹಲ್ಲಿ ಲೊಚಗುಟ್ಟಿದ ಹಾಗೆ — ಟ್ಯಾಪೆಟ್, ಅಂದಳು ಮನಸ್ಸಿನಲ್ಲಿಯೇ, ಯಾರೂ ಕೇಳಲಿಲ್ಲ ಅವಳನ್ನು, ಹಿತ್ತಲ ಗಿಡ ಮದ್ದಲ್ಲವಲ್ಲ, ಇಪ್ಪತ್ತು ವರ್ಷ ಈ ಕಟ್ಟೆಯ ಮೇಲೆ ಕೂತು ಸಪ್ಪಳ ಕೇಳಿ, ಅದರ ಹಿಂದೆಯೇ ಇವರ ಬಾಯಿಂದ ಅದರ ಹೆಸರು ಕೇಳಿ, ಒಂದು ನಟ್ಟು ತಿರುವಲು ಬಾರದಿದ್ದರೂ ಎಲ್ಲಾ ಅವಳಿಗೆ ಬಾಯಿಪಾಠ, ಖರಖರ ಅಂದರೆ ಚೈನು, ಟಪ್‌ಟಪ್ ಅಂದು ಬಿಸಿಯಾಗುತ್ತಲೇ ಸುಮ್ಮನಾದರೆ ಪಿಸ್ಟನ್. ಇವರು ಉದ್ದನೆಯ ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ ಒತ್ತಿ ಹಿಡಿಕೆಯನ್ನು ಕಿವಿಯ ಹಿಂದಿನ ಎಲುಬಿಗೆ ಆನಿಸಿ ಕಣ್ಣು ಮುಚ್ಚಿದರು, ಪೂಜೆಗೆ ಕೂತವರ ಹಾಗೆ, ಟ್ಯಾಪೆಟ್ ಐತಿ ಕುಣಾಲ್, ತಣ್ಣಗಿದ್ದಾಗನ ಸರಿ ಮಾಡಬೇಕು ಅದನ್ನ, ಅಂದು ಬಂದ್ ಮಾಡಿ ಪಾನಾ ಹಿಡಿದು ಕೂತೇಬಿಟ್ಟರು, ನೋಡು ಮತ್ತೆ, ಕಿವಿ ಅಂದರೆ ಇವರದು, ಅವಳಿಗೆ ಹೆಮ್ಮೆಯೆನಿಸಿತು, ಇಷ್ಟು ವರ್ಷವಾದರೂ ಆಗುತ್ತದೆ, ಏನು ಮಾಡುವುದು. ಕೆಲಸ ಮುಗಿಸಿ ಮತ್ತೆ ಕಿಕ್ ಹೊಡೆದರು, ಟಿಕ್‌ಟಿಕ್ ಹೋಗಿತ್ತು, ಕುಣಾಲ ಹಲ್ಲು ಬಿಟ್ಟ, ಐದು ನಿಮಿಷ ಬಿಸಿಯಾಗಲಿ ಅಂತ ಇವರು ಬಟ್ಟೆ ಚೂರಿನಿಂದ ಕೈ ಒರೆಸಿಕೊಳ್ಳುತ್ತ ನಿಂತರು, ಗಾಡಿ ತನ್ನಷ್ಟಕ್ಕೆ ಗುಡುಗುಡು ಅನ್ನುತ್ತಿದೆ, ರಾಟೆ ತಿರುಗುತ್ತಿದೆ, ಬಿಸಿಲು ಕಟ್ಟೆಯ ಅಂಚಿಗೆ ಬಂದಿದೆ, ಈ ಕಂಡಿಕೆ ಆದ ಮೇಲೆ ರೊಟ್ಟಿಗೆ ಏಳಬೇಕು, ಪುಂಡಿಪಲ್ಲೆ ನಿನ್ನೆಯದೇ ಉಳಿದಿದೆ — ಧಕ್.

ಧಕ್. ಧಕ್ ಧಕ್. ಮೇಲಿನದಲ್ಲ, ಇಂಜಿನ್ನಿನ ಹೊಟ್ಟೆಯೊಳಗಿನದು, ಮುಚ್ಚಿದ ಬಾಗಿಲಿನ ಹಿಂದೆ ಯಾರೋ ಮುಷ್ಟಿಯಿಂದ ಗುದ್ದಿದ ಹಾಗೆ, ಎಣ್ಣೆ ಬಿಸಿಯಾಗಿ ತೆಳ್ಳಗಾದಷ್ಟೂ ಗಟ್ಟಿಯಾಗುತ್ತಿದೆ, ಅವಳ ಕೈಯಲ್ಲಿ ನೂಲು ಹರಿಯಿತು. ಇವರೇ ಹೇಳಿದ್ದು, ಎಷ್ಟು ಸಲ, ಊಟಕ್ಕೆ ಕೂತಾಗೆಲ್ಲ ಇದೇ ಪುರಾಣ, ತಣ್ಣಗಿದ್ದಾಗ ಒದರಿ ಬಿಸಿಯಾದಾಗ ಸುಮ್ಮನಾಗೂದು ನೆಗೆಣ್ಯಾರ ಜಗಳ ಇದ್ದಂಗ, ಅದಕ್ಕ ಅಂಜಬಾರದು, ಬಿಸಿಯಾದ ಮ್ಯಾಲೆ ಬಾಯಿ ತಗಿಯೂದು ಐತೆಲ್ಲ, ಅದು ಮನಿ ಮುರಿಯೂದು. ಕನೆಕ್ಟಿಂಗ್ ರಾಡು. ಅದು ಹೋದ ಗಾಡಿಯ ಇಂಜಿನ್ ದಾರಿಯಲ್ಲಿ ಜಾಮ್ ಆದರೆ ಹಿಂದಿನ ಗಾಲಿ ಇದ್ದಲ್ಲೇ ನಿಲ್ಲುತ್ತದೆ, ಬಾಡಗಂಡಿಯ ಗಿರಾಕಿಯೊಬ್ಬನಿಗೆ ಹಾಗೇ ಆಗಿತ್ತು, ಒಬ್ಬನೇ ಇದ್ದ, ಹೊಲಕ್ಕೆ ಬಿದ್ದ, ಉಳಿದ, ಈಗ ಕಬ್ಬಿನ ಹಂಗಾಮು, ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಒಂದರ ಬಾಲ ಒಂದು ಹಿಡಿದು ಬರುತ್ತವೆ, ಅವುಗಳ ಮುಂದೆ ಈ ಹುಡುಗ, ಟ್ಯಾಂಕಿನ ಮೇಲೆ ಕೆಂಪು ಕುಲಾಯಿ. ಈಗ ಹೇಳುತ್ತಾರೆ ಇವರು, ಈಗ ಹುಬ್ಬು ಗಂಟು ಹಾಕುತ್ತಾರೆ, ಈಗ ಸ್ಕ್ರೂಡ್ರೈವರ್ ಎತ್ತಿಕೊಳ್ಳುತ್ತಾರೆ — ಇವರು ನಗುತ್ತಿದ್ದರು. ಕೈ ಒರೆಸಿಕೊಂಡು ಬಟ್ಟೆ ಹೆಗಲಿಗೆ ಹಾಕಿಕೊಂಡು, ಆತು ಬಿಡು, ಹೂವಿನಂಗ ಹೊಂಟೈತಿ, ಅಂದರು.

ಹೂವು? ಹಿಂದಿನಿಂದ ಕುಣಾಲ ಏನೋ ಅನುಮಾನದಲ್ಲಿ ಕೇಳಿದ, ಅಣ್ಣಾರ, ಒಳಗ ಏನೋ ಬಡಿದಂಗ ಆಗತೈತಲ್ರಿ, ಇವರು ತಿರುಗಲಿಲ್ಲ. ಕೂಸು ಇವರ ಬೆನ್ನ ಹಿಂದೆ ನಿಂತು, ಅಜ್ಜಾ, ನಿಂದ ಪಾನಾ ಬಿದ್ದೈತಿ, ಅಜ್ಜಾ, ಏ ಅಜ್ಜಾ, ಇವರು ತಿರುಗಲಿಲ್ಲ. ಕಟ್ಟೆಯಿಂದ ಅವಳೇ ಕರೆದಳು, ರೀ, ಒಮ್ಮೆ, ರೀ, ಇನ್ನೊಮ್ಮೆ, ಎಂಟು ಹೆಜ್ಜೆ ದೂರ, ಕರೆಂಟ್ ಹೋದ ಊರು, ಮಸೀದಿ ಕಡೆಯ ಓಣಿಯ ಕೋಳಿ ಕೂಡ ಕೇಳಿಸುತ್ತಿದೆ, ಇವರ ಬೆನ್ನು ಹಾಗೆಯೇ ಇದೆ. ಇವರಿಗೆ ಕೇಳುತ್ತಿಲ್ಲ. ಟ್ಯಾಪೆಟ್ ಕೇಳಿದ್ದು ಕಿವಿಯಲ್ಲ, ಎಲುಬು, ಮತ್ತೆ ಇಪ್ಪತ್ತು ವರ್ಷದ ರೂಢಿ. ಈ ಊರಿನಲ್ಲಿ ಯಾರಿಗೆ ತಿಳಿಯಬೇಕು, ಎಲ್ಲರೂ ಹುಟ್ಟುತ್ತಲೇ ಒದರುವವರು, ಗಂಡಹೆಂಡಿರ ಗುಟ್ಟು ಕೂಡ ನಾಲ್ಕು ಮನೆಗೆ ಕೇಳುವ ಹಾಗೆ ಆಡುವವರು, ಅರ್ಧ ಬನಹಟ್ಟಿಗೆ ಅರ್ಧ ಕಿವಿ, ಇವರದು ಎಷ್ಟು ಉಳಿದಿದೆಯೋ. ಫೋನ್ ಬಂದರೆ ಅವಳ ಕೈಗೆ ಕೊಡುತ್ತಿದ್ದುದು, ನೀನ ಮಾತಾಡು, ನನ್ನ ಕೈ ಎಣ್ಣಿ ಆಗ್ಯಾವ — ಎಣ್ಣೆಯೇ ಆಗಿರುತ್ತಿತ್ತು, ಅದಕ್ಕೇ ನಂಬಿದಳು. ಎಷ್ಟು ದಿನ ಆಯಿತು ಹಾಗೆ, ಒಂದು ವರ್ಷ, ಅಲ್ಲ, ಹೋದ ವರ್ಷದ ಹಿಂದಿನ ದೀಪಾವಳಿಗೆ ಶುರು, ಆಗಿನಿಂದಲೇ ಅಲ್ಲವೇ ಇವರು ಅವಳ ಮುಖ ನೋಡತೊಡಗಿದ್ದು —

ಅಯ್ಯೋ ಶಿವನೇ. ಅದೂ ಇದಕ್ಕೇ. ನಲವತ್ತೈದಾದ ಮೇಲೆ ಗಂಡ ಹೊಸದಾಗಿ ನೋಡಲು ಹಿಡಿದಿದ್ದಾನೆ ಅಂತ ಅವಳು ಉಬ್ಬಿದ್ದೇನು, ಮಾತಾಡಿದರೆ ಸಾಕು, ಕೈಯಲ್ಲಿನ ಕೆಲಸ ಬಿಟ್ಟು ಎದುರಿಗೆ ತಿರುಗಿ ಅವಳ ತುಟಿಯ ಮೇಲೆ ಕಣ್ಣಿಟ್ಟು ನಿಲ್ಲುತ್ತಿದ್ದರು, ಮೊದಲಿನ ಇವರು ಹಾಗಿರಲಿಲ್ಲ, ಹ್ಞೂಂ ಅಂತ ತಲೆ ಬಗ್ಗಿಸಿಯೇ ಉಣ್ಣುವವರು, ಮಲಗುವಾಗಲೂ, ದೀಪ ಆರಿಸಬ್ಯಾಡ, ನೀ ಮಾತಾಡೂದು ಮುಗೀಲಿ, ಅಂದಿದ್ದರು, ಅವಳು ನಾಚಿ ಸೆರಗು ಕಚ್ಚಿದ್ದಳು, ಈ ವಯಸ್ಸಿನಲ್ಲಿ. ಮಾತೇ ಇಲ್ಲದಿದ್ದರೂ ಮಾತು ಹುಡುಕಿಕೊಂಡು ಆಡಿದ್ದಾಳೆ, ಬೇಕೆಂದೇ ನಿಧಾನ ಆಡಿದ್ದಾಳೆ, ಜಮಖಂಡಿ ಪೇಟೆಯಲ್ಲಿ ತುಟಿಗೆ ಹಚ್ಚುವ ವ್ಯಾಸಲೀನ್ ಡಬ್ಬಿ ತಂದಿದ್ದಾಳೆ, ನೆಗೆಣಿ ಕೆಂಪವ್ವ ಅದನ್ನು ನೋಡಿ, ಏನ ಅಂಜನಾ, ಮುಪ್ಪಿನ ಕಾಲಕ್ಕ ಹರೇ ಬಂತೇನ ಬೇ, ಅಂತ ಬಚ್ಚಲ ತನಕ ಕೇಳುವ ಹಾಗೆ ನಕ್ಕಿದ್ದಳು. ನಗಲಿ. ಆದರೆ ಇದು — ಕಿವುಡ ಅಕ್ಷರ ಓದಿದ ಹಾಗೆ ಓದುತ್ತಿದ್ದನೇ ಅವಳನ್ನು, ಪ್ರೀತಿಯೂ ಅಲ್ಲ ಏನೂ ಅಲ್ಲ, ನಾಚಿಕೆ, ಸಿಟ್ಟು, ಯಾವುದು ಮುಂದೆ ಯಾವುದು ಹಿಂದೆ ತಿಳಿಯದು, ಒಂದು ಮಾತು ಹೇಳಬಾರದಿತ್ತೇ, ನನಗ ಕೇಳಾಕತ್ತಿಲ್ಲ ಅಂಜನಾ ಅಂತ, ಅವಳಿಗಲ್ಲದೆ ಇನ್ನಾರಿಗೆ ಹೇಳಬೇಕು. ಹೇಳುವುದು ಹೇಗೆ, ಕಿವಿಯೇ ಹೆಸರು, ಕಿವಿಯೇ ಅನ್ನ, ಎರಡು ವರ್ಷ ಒಬ್ಬರೇ ಹೊತ್ತಿದ್ದಾರೆ ಇದನ್ನು, ಇವರ ಬೆನ್ನು ಎಷ್ಟು ಬಾಗಿದೆ, ಅದನ್ನೂ ಇವತ್ತೇ ಕಂಡಳು. ಸಿಟ್ಟು ಎಲ್ಲಿ ಇಳಿದುಹೋಯಿತೋ.

ಕಿವಿ ಮೇಸ್ತ್ರಿಯೇ ಹೂವು ಅಂದ ಮೇಲೆ ತನ್ನದೇನು ಅಂತ ಕುಣಾಲ ಮಗಳನ್ನು ಎತ್ತಿ ಟ್ಯಾಂಕಿನ ಮೇಲೆ ಕೂರಿಸಿದ. ಧಕ್ ಧಕ್ ಧಕ್. ಒದರಬೇಕು, ಒದರಿದರೆ ಓಣಿಗೆ ಓಣಿಯೇ ತಲೆ ಹೊರಹಾಕುತ್ತದೆ, ಕರೆಂಟಿಲ್ಲದೆ ಎಲ್ಲರೂ ಬಾಗಿಲಲ್ಲೇ ಇದ್ದಾರೆ, ಕಿವಿ ಮೇಸ್ತ್ರಿಗೆ ಕಿವಿ ಇಲ್ಲವಂತೆ ಅನ್ನುವ ಸುದ್ದಿ ಮಧ್ಯಾಹ್ನದೊಳಗೆ ರಬಕವಿ ದಾಟುತ್ತದೆ, ಒದರದಿದ್ದರೆ ಈ ಕೂಸು. ಕಂಡಿಕೆ ಬಿಸಾಕಿ ಎದ್ದಳು, ಬರಿಗಾಲಲ್ಲೇ, ಗಾಡಿಯನ್ನು ಬಳಸಿಕೊಂಡು ಹೋಗಿ ಕುಣಾಲನ ಬೆನ್ನ ಹಿಂದೆ, ಇವರ ಕಣ್ಣಿಗೆ ನೇರ ನಿಂತಳು, ಬಾಯಿ ತೆರೆದಳು, ದನಿ ಮಾತ್ರ ಬಿಡಲಿಲ್ಲ. ಮಗ್ಗದ ಮಾತು. ಮದುವೆಗೆ ಮೊದಲು ಅವಳು ದುಡಿದ ರಬಕವಿಯ ಶೆಡ್ಡಿನಲ್ಲಿ ಇಪ್ಪತ್ತನಾಲ್ಕು ಮಗ್ಗಗಳ ನಡುವೆ ದನಿಗೆ ಬೆಲೆಯೇ ಇರಲಿಲ್ಲ, ಎಲ್ಲರೂ ತುಟಿಯಲ್ಲೇ ಆಡುವವರು, ನೀರು ಬೇಕು, ನೂಲು ಹರಿದಿದೆ, ಮಾಲಕ ಬಂದ, ಎಲ್ಲಾ ತುಟಿಯಲ್ಲೇ, ಅಲ್ಲಿ ಆಗ ಇವರು ಇನ್ನೂ ಇವರಾಗಿರಲಿಲ್ಲ, ಎದುರು ಸಾಲಿನ ಮಗ್ಗದ ಹುಡುಗ, ನಿನ್ನ ಹೆಸರೇನು ಅಂತ ಎಂಟು ಮಗ್ಗ ದಾಟಿಸಿ ತುಟಿಯಲ್ಲಿ ಕೇಳಿದ್ದ, ಅವಳೂ ತುಟಿಯಲ್ಲೇ ಹೇಳಿದ್ದಳು. ಈಗ ಅದೇ ತುಟಿ, ಒಂದೊಂದೇ ಅಕ್ಷರ ಬಿಡಿಸಿ ಬಿಡಿಸಿ, ಕ — ನೆ — ಕ್ಟಿಂಗ್, ಒಳಗ ಬಡಿಯಾಕತ್ತೈತಿ, ಬಿಡಬ್ಯಾಡ್ರಿ ಅವನ್ನ.

ಇವರು ನೋಡಿದರು. ನಗು ಅಲ್ಲೇ ನಿಂತಿತು, ಅವಳಿಗೆ ತಿಳಿದಿದೆ ಅನ್ನುವುದು ಇವರಿಗೆ ತಿಳಿಯಿತು, ಅದೊಂದು ಕ್ಷಣ, ಮದುವೆಯ ಇಷ್ಟು ವರ್ಷದಲ್ಲಿ ಅಷ್ಟು ಬೆತ್ತಲೆಯಾಗಿ ಇವರು ಅವಳ ಮುಂದೆ ನಿಂತದ್ದಿಲ್ಲ, ಏನನ್ನುತ್ತಾರೋ, ಸುಮ್ಮನೆ ಕೂಡು ಅನ್ನುತ್ತಾರೋ. ಬಗ್ಗಿ ಇಂಜಿನ್ನಿನ ಹೊಟ್ಟೆಗೆ ಅಂಗೈ ಹತ್ತಿಸಿ ಎಕ್ಸಿಲರೇಟರ್ ತಿರುವಿದರು, ಬಿಸಿ ಸುಡುತ್ತಿರಬೇಕು, ಕೈ ತೆಗೆಯಲಿಲ್ಲ, ಮತ್ತೊಮ್ಮೆ ತಿರುವಿ ಬಿಟ್ಟರು, ಆಮೇಲೆ ಚಾವಿ ಬಂದ್ ಮಾಡಿ ಕೂಸನ್ನು ಎರಡೂ ಕೈಯಲ್ಲಿ ಎತ್ತಿ ಕೆಳಗಿಳಿಸಿದರು. ಕುಣಾಲ್, ಇದನ್ನ ಒಯ್ಯಬ್ಯಾಡ ಇವತ್ತ, ಕನೆಕ್ಟಿಂಗ್ ಹೋಗೇತಿ, ಬಸ್ಸಿಗೆ ಹೋಗ್ರಿ. ಅಲ್ರಿ ಅಣ್ಣಾರ, ಈಗರ ಹೂವಿನಂಗ ಹೊಂಟೈತಿ ಅಂದ್ರೆಲ್ಲ, ಅಂದ ಕುಣಾಲ. ಈಗ ಏನಾದರೊಂದು ನೆವ ಹೇಳುತ್ತಾರೆ, ಹೇಳಲಿ, ತಪ್ಪಿಲ್ಲ, ಅವಳು ಕಣ್ಣು ಕೆಳಗೆ ಹಾಕಿದಳು. ನನಗ ಕೇಳಲಿಲ್ಲಪ, ಅಂದರು ಇವರು, ನನ್ನ ಕಿವಿ ಮಂದ ಆಗ್ಯಾವ ಈಗ, ಇಕಿಗೆ ಕೇಳಸ್ತು, ಇಕಿ ಹೇಳಿದ್ಲು. ಓಣಿಗೆಲ್ಲ ಕೇಳುವ ಹಾಗೆಯೇ ಹೇಳಿದರು, ಮೆಲ್ಲಗೆ ಆಡುವುದು ಇವರಿಗೆ ಎಲ್ಲಿ ಬರಬೇಕು. ಎದುರು ಮನೆಯ ಬಾಗಿಲಲ್ಲಿ ಕೆಂಪವ್ವ ಬಾಯಿಗೆ ಕೈಯಿಟ್ಟು ನಿಂತಿದ್ದಳು. ಕುಣಾಲ ಒಮ್ಮೆ ಇವರನ್ನು, ಒಮ್ಮೆ ಅವಳನ್ನು ನೋಡಿ, ಕಡೆಗೆ ಮಗಳ ಕುಲಾಯಿಯ ದಾರ ಬಿಗಿದು, ಛಲೋ ಆತ್ರೀ ಅಕ್ಕಾರ, ಅಂದ, ಹದಿನೈದು ದಿನ ಹತ್ತಿದರೂ ನೀವ ಮಾಡ್ರಿ ಗಾಡಿ, ನೀವಿಬ್ಬರೂ ಕೇಳಿನ ಕೊಡ್ರಿ, ಅಂತ ಹೋಗುವಾಗ ತಿರುಗಿ ಅಂದ.

ಕರೆಂಟ್ ಬಂತು. ಆ ತುದಿಯ ಮಗ್ಗ ಎದ್ದಿತು, ಅದರ ಹಿಂದೆ ಇನ್ನೊಂದು, ಖಟಾಖಟ ಖಟಾಖಟ, ನೆಲ ನಡುಗುತ್ತಿದೆ, ಇಬ್ಬರಿಗೂ ಈಗ ಒಂದೇ ಸಮ, ಯಾರಿಗೂ ಏನೂ ಕೇಳುವುದಿಲ್ಲ, ಇವರ ತುಟಿ ಆಡಿತು ದನಿಯಿಲ್ಲದೆ, ಇನ್ನ ಮುಂದ ನೀನ ಕೇಳಿ ಹೇಳಬೇಕ ಅಂಜನಾ. ಹ್ಞೂಂ ಅಂದಳು. ಯಾವಾಗಿಂದ ಅಂತ ಕೇಳಿದಳು, ಇವರು ಎರಡು ಬೆರಳು ತೋರಿಸಿದರು, ಆ ಬೆರಳಿನ ಕೆಳಗೆ ಅಂಗೈ ಕೆಂಪಗೆ ಸುಟ್ಟಿತ್ತು, ಕೈ ಹಿಡಿದೆಳೆದು ಕೊಡದ ನೀರಿನಲ್ಲಿ ಅದ್ದಿ ಹಿಡಿದಳು, ಬಾಯಿಗೆ ಬಂದಿತ್ತು ಇನ್ನೊಂದು ಮಾತು, ಹಂಗಾರ ನನ್ನ ಮಾರಿ ನೋಡತಿದ್ದದ್ದು ಬರೇ ಅದಕ್ಕೇನ್ರಿ, ಬಂದಿತ್ತು, ಕೇಳಲಿಲ್ಲ, ಇಷ್ಟೆಲ್ಲ ಆದ ದಿನ ಅದನ್ನೂ ಏಕೆ ಕೆದಕಬೇಕು, ಬಾಯಿ ಮುಚ್ಚಿದಳು, ಇನ್ನು ಹೇಳುವುದೇನೂ ಇಲ್ಲ, ತುಟಿ ಬಿಗಿದು ಸುಮ್ಮನೆ ಕೂತಿದ್ದಾಳೆ, ಓದಲು ಒಂದು ಅಕ್ಷರವೂ ಇಲ್ಲ ಅಲ್ಲಿ, ಇವರು ನೋಡುತ್ತಿದ್ದಾರೆ, ಮಗ್ಗಗಳು ಬಡಿಯುತ್ತಿವೆ, ನೀರಿನಲ್ಲಿ ಕೈ, ಇವರು ಇನ್ನೂ ನೋಡುತ್ತಿದ್ದಾರೆ, ಮುಚ್ಚಿದ ತುಟಿಯನ್ನು, ಇನ್ನೂ —